ಕಾಣದ ದೆವ್ವಕ್ಕೆ ಶಬ್ದ ಕೊಟ್ಟ ಕಥೆ

ಸಣ್ಣ ಬಜೆಟ್ಟಿನ ಒಂದು ಕನ್ನಡ ಹಾರರ್ ಸಿನಿಮಾದ ಕಥೆ ಇದು. ಮೊದಲು ಲೆಕ್ಕ ಹೇಳಿಬಿಡುತ್ತೇನೆ. ಮಲ್ಟಿಪ್ಲೆಕ್ಸ್‌ನಲ್ಲಿ ಒಂದು ಟಿಕೆಟ್ಟಿಗೆ 200 ರೂಪಾಯಿ ಅಂದುಕೊಳ್ಳಿ. ಅದರಲ್ಲಿ 18% ಜಿಎಸ್‌ಟಿ ಹೋದರೆ ಉಳಿಯುವುದು ಸುಮಾರು 169. ಮೊದಲ ವಾರ ಅದರಲ್ಲಿ ಅರ್ಧ ಥಿಯೇಟರ್‌ನವರಿಗೆ. ಮುಂದಿನ ವಾರಗಳಲ್ಲಿ ಅವರ ಪಾಲು ಇನ್ನೂ ಜಾಸ್ತಿ. ನಮ್ಮ ಪಾಲಿಗೆ ಬಂದ 85 ರೂಪಾಯಿಯಲ್ಲಿ ಹಂಚಿಕೆದಾರರ ಕಮಿಷನ್ ಕಳೆದರೆ ನಿರ್ಮಾಪಕರ ಕೈಗೆ ಸಿಗುವುದು 70–75 ರೂಪಾಯಿ. ಶೂಟಿಂಗ್, ಪೋಸ್ಟರ್, ಪ್ರಚಾರ ಎಲ್ಲ ಸೇರಿ ಒಂದೂವರೆ ಕೋಟಿ ಹಾಕಿದವರಿಗೆ ಅಸಲು ವಾಪಸ್ ಬರಬೇಕಾದರೆ ಎರಡು ಲಕ್ಷಕ್ಕೂ ಜಾಸ್ತಿ ಜನ ದುಡ್ಡು ಕೊಟ್ಟು ಒಳಗೆ ಕೂರಬೇಕು. ಸ್ಟಾರ್ ಇಲ್ಲ, ಫೈಟ್ ಇಲ್ಲ, ಹಾಡು ಒಂದೇ. ಜನ ಯಾಕೆ ಬರಬೇಕು?

ಈ ಲೆಕ್ಕವನ್ನು ನೋಟ್‌ಬುಕ್ಕಿನಲ್ಲಿ ಬರೆದು ನಮ್ಮ ಮುಂದಿಟ್ಟವರು ನಿರ್ಮಾಪಕರೇ. ತಿಪಟೂರು ಕಡೆಯವರು, ಕೊಬ್ಬರಿ ವ್ಯಾಪಾರ. ಮುಹೂರ್ತಕ್ಕೆ ಮುಂಚೆ ಗಾಂಧಿನಗರದ ಒಂದು ಆಫೀಸಿನಲ್ಲಿ ಎಲ್ಲರನ್ನೂ ಕೂರಿಸಿಕೊಂಡರು. "ದೆವ್ವದ್ದಾದ್ರೂ ಮಾಡಿ, ದೇವ್ರದ್ದಾದ್ರೂ ಮಾಡಿ. ಈ ಎರಡು ಲಕ್ಷ ಜನ ಎಲ್ಲಿಂದ ಬರ್ತಾರೆ ಅನ್ನೋದನ್ನ ಮೊದ್ಲು ಹೇಳಿ" ಅಂದರು. ನಾನು ಆ ಸಿನಿಮಾದ ಸೌಂಡ್ ಡಿಸೈನರ್. ಲೊಕೇಶನ್‌ನಿಂದ ಹಿಡಿದು ಹಿಂದಿ ಡಬ್ಬಿಂಗ್‌ಗೆ ಟ್ರ್ಯಾಕ್ ಕಳಿಸುವವರೆಗೂ ಜೊತೆಗಿದ್ದೆ. ಅವರ ಪ್ರಶ್ನೆಗೆ ಉತ್ತರ ಹುಡುಕಿದ ಕಥೆಯನ್ನೇ ಇಲ್ಲಿ ಬರೆಯುತ್ತಿದ್ದೇನೆ. ಸಿನಿಮಾದ ಹೆಸರಾಗಲಿ ಜನರ ಹೆಸರಾಗಲಿ ಹಾಕುವುದಿಲ್ಲ, ಯಾರನ್ನೂ ಕೇಳಿಕೊಂಡು ಬರೆಯುತ್ತಿಲ್ಲ.

ನಮ್ಮ ನಿರ್ದೇಶಕರಿಗೆ ಇದು ಮೊದಲ ಸಿನಿಮಾ. ಆದರೆ ಓದಿಕೊಂಡು ಬಂದಿದ್ದರು. ಸಣ್ಣ ದುಡ್ಡಿನ ಹಾರರ್ ಗೆದ್ದಾಗಲೆಲ್ಲ ಏನು ನಡೆದಿದೆ ಅಂತ ಪಟ್ಟಿ ಮಾಡಿದ್ದರು. ಅದರಲ್ಲಿ ಮೊದಲನೆಯದು 1942ರ 'ಕ್ಯಾಟ್ ಪೀಪಲ್'. ಅಮೆರಿಕದ ಆರ್‌ಕೆಓ ಕಂಪನಿ ವ್ಯಾಲ್ ಲ್ಯೂಟನ್ ಅನ್ನುವ ನಿರ್ಮಾಪಕನಿಗೆ ಒಂದು ಸಿನಿಮಾಗೆ ಒಂದೂವರೆ ಲಕ್ಷ ಡಾಲರ್ ದಾಟಬಾರದು ಅಂತ ಹೇಳಿತ್ತು. ಮೃಗವನ್ನು ತೋರಿಸೋಕೆ ಆ ದುಡ್ಡು ಸಾಲದು. ಹಾಗಾಗಿ ಅವನು ತೋರಿಸುವುದನ್ನೇ ಆದಷ್ಟು ಕಡಿಮೆ ಮಾಡಿದ. ಒಬ್ಬ ಹೆಂಗಸು ರಾತ್ರಿ ಒಂಟಿಯಾಗಿ ನಡೆದು ಹೋಗುತ್ತಿರುತ್ತಾಳೆ. ಹಿಂದೆ ಇನ್ನೊಂದು ಜೊತೆ ಹೆಜ್ಜೆ ಸದ್ದು. ಸ್ವಲ್ಪ ಹೊತ್ತಿಗೆ ಅದು ನಿಂತುಹೋಗುತ್ತದೆ. ಅವಳು ನಿಂತು ತಿರುಗಿ ನೋಡುತ್ತಾಳೆ. ಆಗ ಪಕ್ಕದಿಂದ ಉಸ್ ಅಂತ ಒಂದು ಸದ್ದು ನುಗ್ಗುತ್ತದೆ. ನೋಡಿದರೆ ಬಸ್ಸಿನ ಬ್ರೇಕ್! ಸಿನಿಮಾದವರು ಈ ತಂತ್ರಕ್ಕೆ ಇವತ್ತಿಗೂ 'ಲ್ಯೂಟನ್ ಬಸ್' ಅಂತಲೇ ಹೇಳುತ್ತಾರೆ. ಅದನ್ನು ನೋಡಿದ ಮೇಲೆ ನಾವೂ ಒಂದು ಕುಕ್ಕರ್ ವಿಷಲ್ ಇಟ್ಟೆವು. ನಾಯಕಿ ಕತ್ತಲಲ್ಲಿ ಅಡುಗೆಮನೆ ಬಾಗಿಲಿಗೆ ಕಿವಿ ಕೊಟ್ಟು ನಿಂತಿರುವಾಗ ಬರುವ ವಿಷಲ್ ಅದು. ಒಂದು ಪೈಸೆ ಖರ್ಚಿಲ್ಲ. ಕನ್ನಡದ ಮನೆಯಲ್ಲಿ ಬೆಳೆದವರಿಗೆ ಆ ಸದ್ದಿನ ಪರಿಚಯ ಮಾಡಿಕೊಡುವ ಅಗತ್ಯವೂ ಇಲ್ಲ, ಅಲ್ವಾ?

ಪಟ್ಟಿಯಲ್ಲಿ ಎರಡನೆಯದು 1978ರ 'ಹ್ಯಾಲೋವೀನ್'. ಖರ್ಚು 3 ಲಕ್ಷ ಡಾಲರ್ ಚಿಲ್ಲರೆ, ಗಳಿಕೆ ಜಗತ್ತಿನಾದ್ಯಂತ ಸುಮಾರು 7 ಕೋಟಿ ಡಾಲರ್. ಕೊಲೆಗಾರನ ಮುಖವಾಡ ಅಂಗಡಿಯಿಂದ ಎರಡು ಡಾಲರ್‌ಗೂ ಕಡಿಮೆಗೆ ತಂದದ್ದು. ಅದು ಟಿವಿ ಸೀರಿಯಲ್ಲಿನ ಕ್ಯಾಪ್ಟನ್ ಕರ್ಕ್ ಪಾತ್ರದ ಮುಖವಾಡ. ಕಣ್ಣಿನ ತೂತು ದೊಡ್ಡದು ಮಾಡಿ ಬಿಳಿ ಬಣ್ಣ ಹೊಡೆದರು, ಅಷ್ಟೇ. ನನಗೆ ಇದಕ್ಕಿಂತ ಮುಖ್ಯ ಅನಿಸಿದ್ದು ಇನ್ನೊಂದು ಸಂಗತಿ. ನಿರ್ದೇಶಕ ಜಾನ್ ಕಾರ್ಪೆಂಟರ್ ಎಡಿಟ್ ಮುಗಿದ ಸಿನಿಮಾವನ್ನು ಮ್ಯೂಸಿಕ್, ಎಫೆಕ್ಟ್ ಯಾವುದೂ ಇಲ್ಲದೆ ದೊಡ್ಡ ಸ್ಟುಡಿಯೋದ ಒಬ್ಬ ಅಧಿಕಾರಿಗೆ ತೋರಿಸಿದ. ಆಕೆಗೆ ಒಂದು ಚೂರೂ ಹೆದರಿಕೆ ಆಗಲಿಲ್ಲ. ಆಮೇಲೆ ಅವನೇ ಕೂತು ಪಿಯಾನೋ, ಸಿಂಥಸೈಜರ್ ಹಿಡಿದು ಮ್ಯೂಸಿಕ್ ಮಾಡಿದ. ಚಿತ್ರ ಅದೇ, ಕಟ್ ಅದೇ, ಶಬ್ದ ಮಾತ್ರ ಸೇರಿತು. ಮುಂದೆ ಆಗಿದ್ದು ಎಲ್ಲರಿಗೂ ಗೊತ್ತು.

ನಮ್ಮ ದೇಶದ ಉದಾಹರಣೆಯೂ ಇತ್ತು. ಹಿಂದಿಯಲ್ಲಿ ಅಗ್ಗದ ಹಾರರ್ ಸಿನಿಮಾ ಮಾಡುತ್ತಿದ್ದ ರ‍್ಯಾಮ್ಸೆ ಸಹೋದರರದು. ಏಳು ಜನ ಅಣ್ಣತಮ್ಮಂದಿರು ಕೆಲಸ ಹಂಚಿಕೊಂಡುಬಿಟ್ಟಿದ್ದರು. ಗಂಗು ಕ್ಯಾಮೆರಾ, ಅರ್ಜುನ್ ಎಡಿಟಿಂಗ್, ಕಿರಣ್ ಸೌಂಡ್, ತುಳಸಿ ಮತ್ತು ಶ್ಯಾಮ್ ನಿರ್ದೇಶನ. 1972ರ 'ದೋ ಗಜ್ ಜಮೀನ್ ಕೆ ನೀಚೆ'ಗೆ ಇಡೀ ಕುಟುಂಬ ಮಹಾಬಲೇಶ್ವರಕ್ಕೆ ಹೋಗಿ ಶೂಟಿಂಗ್ ಮಾಡಿತು. ಸಂಬಳದ ಖರ್ಚು ಮನೆಯೊಳಗೇ ಉಳಿಯಿತು. ಅವರ ಸಿನಿಮಾಗಳು ಓಡಿದ್ದು ದೊಡ್ಡ ಊರಿನ ದೊಡ್ಡ ಥಿಯೇಟರ್‌ಗಳಿಗಿಂತ ಜಾಸ್ತಿ ಸಣ್ಣ ಊರುಗಳಲ್ಲಿ. ಕಾಸು ಬಂದದ್ದು ಅಲ್ಲಿಂದ. ಕೊಬ್ಬರಿ ವ್ಯಾಪಾರದ ನಮ್ಮ ನಿರ್ಮಾಪಕರಿಗೆ ಹಾಲಿವುಡ್ ಕಥೆಗಳಿಗಿಂತ ಇದು ಬೇಗ ಅರ್ಥವಾಯಿತು.

ನನ್ನ ಪ್ರಕಾರ ಈ ಎಲ್ಲ ಸಿನಿಮಾಗಳಲ್ಲೂ ನಡೆದದ್ದು ಒಂದೇ. ದುಡ್ಡು ಉಳಿದದ್ದು ತೋರಿಸದೇ ಬಿಟ್ಟದ್ದರಿಂದ, ದುಡ್ಡು ಬಂದದ್ದು ಹೆದರಿದವರು ಇನ್ನೊಬ್ಬರನ್ನು ಕರೆದುಕೊಂಡು ಬಂದದ್ದರಿಂದ. ಈ ಎರಡನ್ನೂ ಜೋಡಿಸುವ ಕೆಲಸ ಹೆಚ್ಚಾಗಿ ಕಿವಿಯ ಮೂಲಕವೇ ಆಗುತ್ತದೆ. ನಾನು ಸೌಂಡ್‌ನವನು ಅಂತ ಹೀಗೆ ಹೇಳುತ್ತಿಲ್ಲ. ಕಣ್ಣಾರೆ ನೋಡಿದ್ದೇನೆ. ಮುಂದೆ ಬರೆಯುತ್ತೇನೆ.

ತೀರ್ಥಹಳ್ಳಿ ಹತ್ತಿರದ ಒಂದು ಹಳೇ ತೊಟ್ಟಿಮನೆ ನಮ್ಮ ಲೊಕೇಶನ್. ಪೂರ್ತಿ ಸಿನಿಮಾ ಅಲ್ಲೇ. ಆರು ಪಾತ್ರ, ಒಂದು ಮನೆ, ಸುತ್ತ ಅಡಿಕೆ ತೋಟ. ಊರಿಂದ ಊರಿಗೆ ಯೂನಿಟ್ ಸಾಗಿಸುವ ಖರ್ಚು ಇಲ್ಲ. ಯೂನಿಟ್ ಪಕ್ಕದ ಹೋಮ್‌ಸ್ಟೇಯಲ್ಲಿ, ಊಟ ಅಲ್ಲೇ. ಹಾರರ್ ಅಗ್ಗ ಅನ್ನುವುದು ಪೂರ್ತಿ ನಿಜ ಅಲ್ಲ ಅನ್ನುವುದೂ ಅಲ್ಲೇ ಗೊತ್ತಾಯಿತು. ರಾತ್ರಿ ಶೂಟಿಂಗ್ ಅಂದರೆ ಬಾಟಾ (ದಿನದ ಭತ್ಯೆ) ಜಾಸ್ತಿ, ಜನರೇಟರ್ ಡೀಸೆಲ್ ಜಾಸ್ತಿ, ಮಾರನೇ ದಿನ ಎಲ್ಲರ ಕೆಲಸವೂ ನಿಧಾನ. ಅದಕ್ಕೆ ಮನೆಯೊಳಗಿನ ರಾತ್ರಿ ದೃಶ್ಯಗಳಲ್ಲಿ ಎಷ್ಟೋ ಹಗಲಲ್ಲೇ ತೆಗೆದೆವು. ಕಿಟಕಿಗೆ ಕಪ್ಪು ಬಟ್ಟೆ ಬಿಗಿದರೆ ತೊಟ್ಟಿಮನೆಯ ಕೋಣೆಗಳು ಮಧ್ಯಾಹ್ನವೂ ಕತ್ತಲು.

ಸಿಂಕ್ ಸೌಂಡ್, ಅಂದರೆ ಶೂಟಿಂಗ್ ಆಗುವಾಗಲೇ ಮಾತು, ಸದ್ದು ಹಿಡಿಯುವುದು, ಅದನ್ನೇ ಮಾಡಬೇಕು ಅಂತ ಮೊದಲೇ ಹಟ ಹಿಡಿದಿದ್ದೆ. ಡಬ್ಬಿಂಗ್‌ನಲ್ಲಿ ಮಾತು ಶುದ್ಧವಾಗಿ ಬರುತ್ತದೆ, ಆದರೆ ಹೆದರಿದವರ ಉಸಿರು ಬರುವುದಿಲ್ಲ. ಸ್ಟುಡಿಯೋದಲ್ಲಿ ಮೈಕ್ ಮುಂದೆ ನಿಂತು ಏದುಸಿರು ಬಿಟ್ಟರೆ ಅದು ಏದುಸಿರಿನ ನಟನೆ ಅಂತ ಕೇಳುಗರಿಗೆ ಗೊತ್ತಾಗಿಬಿಡುತ್ತದೆ. ಆದರೆ ಮಲೆನಾಡಿನ ರಾತ್ರಿಯಲ್ಲಿ ಸಿಂಕ್ ಸೌಂಡ್ ಅಂದರೆ ಜೀರುಂಡೆಗಳ ಜೊತೆ ಕುಸ್ತಿ. ಅವುಗಳ ಸದ್ದು ಒಂದೇ ಮಟ್ಟದಲ್ಲಿ ನಿಲ್ಲುವುದಿಲ್ಲ. ಒಂದು ಶಾಟ್‌ನಲ್ಲಿ ಜೋರು, ಮುಂದಿನ ಶಾಟ್‌ನಲ್ಲಿ ಇಲ್ಲ. ಜೋಡಿಸಿದರೆ ಕಟ್ ಎಲ್ಲಿದೆ ಅಂತ ಕಿವಿಗೆ ಹೊಡೆಯುತ್ತದೆ. ಅದಕ್ಕೆ ದಿನಾ ರಾತ್ರಿ ಶೂಟಿಂಗ್ ಮುಗಿದ ಮೇಲೆ ಯೂನಿಟ್‌ನವರನ್ನೆಲ್ಲ ಕಳಿಸಿ, ಅಂಗಳದಲ್ಲಿ ಬರೀ ಜೀರುಂಡೆಯನ್ನೇ ರೆಕಾರ್ಡ್ ಮಾಡಿಕೊಂಡೆ. ಸಂಜೆಯದು ಬೇರೆ, ನಡುರಾತ್ರಿಯದು ಬೇರೆ, ಬೆಳಗಿನ ಜಾವದ್ದು ಬೇರೆ. ಈ ಟ್ರ್ಯಾಕ್‌ಗಳನ್ನು ದೃಶ್ಯಗಳ ಕೆಳಗೆ ಹಾಸಿದೆ. ಇದರಿಂದ ಇನ್ನೊಂದು ದಾರಿಯೂ ಸಿಕ್ಕಿತು. ಜೀರುಂಡೆ ಸದ್ದು ಇದ್ದಕ್ಕಿದ್ದಂತೆ ನಿಂತರೆ ಸಾಕು, ಮಲೆನಾಡಿನವರಿಗೆ ಮೈ ಜುಂ ಅನ್ನುತ್ತದೆ. ತೋಟದಲ್ಲಿ ಏನೋ ಇದೆ ಅಂತ ಅರ್ಥ.

ದೆವ್ವದ ಶಬ್ದ ಸಿಕ್ಕಿದ್ದು ಮಾತ್ರ ಯೋಚನೆ ಮಾಡಿ ಅಲ್ಲ. ಒಂದು ಮಧ್ಯಾಹ್ನ ಲೈಟಿಂಗ್ ಬದಲಾಯಿಸುತ್ತಿದ್ದರು. ಪಕ್ಕದ ಮನೆ ಹುಡುಗಿ ತನ್ನ ತಮ್ಮನನ್ನು ಅಡಿಕೆ ಹಾಳೆ ಮೇಲೆ ಕೂರಿಸಿ ಅಂಗಳದಲ್ಲಿ ಎಳೆದುಕೊಂಡು ಹೋಗುತ್ತಿದ್ದಳು. ನಮ್ಮಲ್ಲಿ ತೋಟದ ಕಡೆ ಬೆಳೆದವರೆಲ್ಲ ಆಡಿದ ಆಟ. ಹೆಡ್‌ಫೋನ್ ಹಾಕಿಕೊಂಡೇ ಇದ್ದೆ. ಸರ್‍ರ್ ಅಂತ ಒಂದು ಸದ್ದು ಹತ್ತಿರ ಬಂದು, ನಿಂತು, ಮತ್ತೆ ಶುರುವಾಯಿತು. ತಲೆ ಎತ್ತಿ ನೋಡುವ ಮೊದಲೇ ಹೊಟ್ಟೆಯಲ್ಲಿ ಏನೋ ಆಯಿತು. ಮಕ್ಕಳಿಗೆ ಚಾಕೊಲೇಟ್ ಕೊಟ್ಟು ಮನೆಯೊಳಗೆ ಕರೆದುಕೊಂಡು ಬಂದೆ. ಒಳಗಿನ ನಡುವಂಕಣಕ್ಕೆ ಕೆಂಪು ಗಾರೆ ನೆಲ. ಒಂದು ಮೈಕ್ ನೆಲಕ್ಕೆ ತಾಗಿಸಿ ಇಟ್ಟೆ. ಇನ್ನೊಂದು ಆ ತುದಿಯ ಬಾಗಿಲ ಹಿಂದೆ. ಮೊದಲು ಬರೀ ಹಾಳೆ ಎಳೆಸಿದೆ. ಅದು ಹಗುರ, ಸುಮ್ನೆ ಕಾಗದದ ಸದ್ದು. ಹುಡುಗ ಕೂತ ಮೇಲೆ ಸದ್ದು ನೆಲಕ್ಕೆ ಇಳಿಯಿತು. ಗಾರೆಯಲ್ಲಿ ಬಿರುಕು ಬಿಟ್ಟ ಕಡೆ ಹಾಳೆಯ ಅಂಚು ಟಕ್ ಅಂತ ತಾಗಿ ಮುಂದೆ ಹೋಗುತ್ತಿತ್ತು. ಆಮೇಲೆ ಅರ್ಧ ಮೂಟೆ ಅಕ್ಕಿ ಇಟ್ಟು ಎಳೆದೆವು. ಮನೆಯ ಅಜ್ಜಿ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. "ಎಂತ ಮಾರಾಯ ಇದು, ಹಾಳೆ ಎಳೆಯೋ ಶಬ್ದ ಹಿಡಿಯೋಕೆ ಬೆಂಗಳೂರಿಂದ ಬರ್ಬೇಕಿತ್ತಾ?" ಅಂದರು. ಸ್ವಲ್ಪ ಹೊತ್ತು ಕೇಳಿದ ಮೇಲೆ ಅವರೇ, "ರಾತ್ರಿ ಮಾತ್ರ ಎಳೀಬೇಡಿ" ಅಂದರು. ಆ ಮಾತು ಕೇಳಿದ ಕ್ಷಣವೇ ಇದೇ ನಮ್ಮ ದೆವ್ವ ಅಂತ ತೀರ್ಮಾನ ಮಾಡಿದೆ.

ಸ್ಟುಡಿಯೋಗೆ ಬಂದ ಮೇಲೆ ಅದಕ್ಕೆ ಜಾಸ್ತಿ ಏನೂ ಮಾಡಲಿಲ್ಲ. ಪಿಚ್ ಸ್ವಲ್ಪ ಇಳಿಸಿದೆ, ಮೇಲಿನ ಚೂಪು ತೆಗೆದೆ, ಆ ಟಕ್ ಮಾತ್ರ ಹಾಗೇ ಬಿಟ್ಟೆ. ನಿರ್ದೇಶಕರು ಸ್ಕ್ರಿಪ್ಟ್‌ನಲ್ಲೇ ಜಾಗ ಮಾಡಿಕೊಟ್ಟರು. ಮೊದಲ ಹತ್ತು ನಿಮಿಷದಲ್ಲಿ ಹಗಲು ಬೆಳಕಿನಲ್ಲಿ ಮಕ್ಕಳು ಹಾಳೆಯಲ್ಲಿ ಆಡುವುದನ್ನು ತೋರಿಸುತ್ತೇವೆ. ನೋಡುವವರ ಕಿವಿಗೆ ಅದು ಸಂತೋಷದ ಸದ್ದಾಗಿ ಕೂರುತ್ತದೆ. ಆಮೇಲೆ ರಾತ್ರಿ ಅದೇ ಸದ್ದು, ಮಕ್ಕಳಿಲ್ಲ. 'ಪ್ಯಾರಾನಾರ್ಮಲ್ ಆ್ಯಕ್ಟಿವಿಟಿ' ಅನ್ನುವ ಅಮೆರಿಕದ ಹಾರರ್ ಸಿನಿಮಾ ನೋಡಿದವರಿಗೆ ನೆನಪಿರಬಹುದು, ಅದರಲ್ಲೂ ಏನಾದರೂ ಆಗುವ ಮೊದಲು ಗುಂಯ್ ಅಂತ ಒಂದು ತಗ್ಗಿನ ಸದ್ದು ಏಳುತ್ತದೆ. ಎರಡು ಸಲ ಕೇಳಿದರೆ ಸಾಕು, ಮೂರನೇ ಸಲ ಪರದೆಯಲ್ಲಿ ಖಾಲಿ ಬಾಗಿಲು ಇದ್ದರೂ ಜನ ಕುರ್ಚಿ ಹಿಡಿದುಕೊಳ್ಳುತ್ತಾರೆ. ಖಾಲಿ ಬಾಗಿಲು ತೆಗೆಯೋಕೆ ಎಷ್ಟು ಖರ್ಚು ಹೇಳಿ.

ಎಡಿಟ್ ಆದ ಮೇಲೆ ನಿರ್ಮಾಪಕರು ನೋಡೋಕೆ ಬಂದರು. ಇಂಟರ್‌ವಲ್ ಬಂತು. ಅವರ ಮುಖ ಸಪ್ಪಗಾಗಿತ್ತು. "ಅರ್ಧ ಸಿನಿಮಾ ಆಯ್ತು. ದೆವ್ವ ಎಲ್ಲಪ್ಪಾ?" ಅಂದರು. ಅವರ ಚಿಂತೆ ನ್ಯಾಯವಾದದ್ದೇ. ಮುಂಬೈಯಿಂದ ಮೇಕಪ್‌ನವರನ್ನು ಕರೆಸಿ ದೆವ್ವದ ಮುಖಕ್ಕೆ ಪ್ರಾಸ್ಥೆಟಿಕ್, ಅಂದರೆ ಅಂಟಿಸುವ ಕೃತಕ ಚರ್ಮ, ಮಾಡಿಸಿದ್ದೆವು. ಬಜೆಟ್ಟಿನಲ್ಲಿ ದೊಡ್ಡ ತುಂಡು ಅದಕ್ಕೇ ಹೋಗಿತ್ತು. ದುಡ್ಡು ಕೊಟ್ಟವರಿಗೆ ಅದು ಪರದೆಯ ಮೇಲೆ ಕಾಣಬೇಕು ಅನಿಸುವುದು ಸಹಜ. ನಿರ್ದೇಶಕರಿಗೆ ಅದು ಬೇಡ, ನಿರ್ಮಾಪಕರಿಗೆ ಬೇಕು. ಮಾತು ಬೆಳೆಯಿತು. ಕೊನೆಗೆ ನಾನೇ ಒಂದು ದಾರಿ ಹೇಳಿದೆ. ನಾವು ಜಗಳ ಆಡುವುದು ಬೇಡ, ಜನರನ್ನೇ ಕೇಳೋಣ.

ಇಲ್ಲಿ ಓರೆನ್ ಪೆಲಿಯ ಕಥೆ ಹೇಳಲೇಬೇಕು. ಅವನು ಸ್ಯಾನ್ ಡಿಯೇಗೋದ ತನ್ನ ಮನೆಯಲ್ಲೇ ಸುಮಾರು 15,000 ಡಾಲರ್‌ನಲ್ಲಿ 'ಪ್ಯಾರಾನಾರ್ಮಲ್ ಆ್ಯಕ್ಟಿವಿಟಿ' ತೆಗೆದ. ಡ್ರೀಮ್‌ವರ್ಕ್ಸ್ ಕಂಪನಿಗೆ ಅದನ್ನು ಹೊಸ ನಟರನ್ನು ಹಾಕಿ ಮತ್ತೆ ತೆಗೆಯುವ ಯೋಚನೆ ಇತ್ತು. ಪೆಲಿ ಮತ್ತು ನಿರ್ಮಾಪಕ ಜೇಸನ್ ಬ್ಲಮ್, ಮೊದಲು ಈಗ ಇರುವುದನ್ನೇ ಒಂದು ಹಾಲ್‌ನಲ್ಲಿ ಜನರಿಗೆ ತೋರಿಸಿ ಅಂತ ಪಟ್ಟು ಹಿಡಿದರು. ಶೋ ನಡೆಯುವಾಗ ಕೆಲವರು ಎದ್ದು ಹೋಗತೊಡಗಿದರು. ಸಿನಿಮಾ ಸರಿಯಿಲ್ಲ ಅಂತ ಅಲ್ಲ, ತಡೆಯಲಾರದಷ್ಟು ಹೆದರಿಕೆ ಆಗಿ! ಮತ್ತೆ ತೆಗೆಯುವ ಮಾತು ಅಲ್ಲಿಗೆ ನಿಂತಿತು. 2009ರಲ್ಲಿ ಪ್ಯಾರಾಮೌಂಟ್ ಅದನ್ನು ಬಿಡುಗಡೆ ಮಾಡಿತು. ಗಳಿಕೆ 19 ಕೋಟಿ ಡಾಲರ್ ದಾಟಿತು.

ನಾವು ಬೆಂಗಳೂರಿನ ಒಂದು ಪ್ರಿವ್ಯೂ ಥಿಯೇಟರ್‌ಗೆ ನರ್ಸಿಂಗ್ ಕಾಲೇಜಿನ ಹುಡುಗ ಹುಡುಗಿಯರನ್ನು ಕರೆಸಿದೆವು. ನಮ್ಮ ಪರಿಚಯದವರು, ನೆಂಟರು ಒಬ್ಬರೂ ಬೇಡ ಅಂತ ಕಟ್ಟುನಿಟ್ಟು ಮಾಡಿದ್ದೆವು. ಅವರು ಚೆನ್ನಾಗಿದೆ ಅಂತಲೇ ಹೇಳುತ್ತಾರೆ. ನಾನು ಹಾಲ್‌ನ ಮಧ್ಯದಲ್ಲಿ ಒಂದು ರೆಕಾರ್ಡರ್ ಇಟ್ಟೆ. ನೋಡೋಕೆ ಬಂದವರಿಗೆ ಮೊದಲೇ ಹೇಳಿ ಒಪ್ಪಿಗೆ ಪಡೆದಿದ್ದೆವು. ಶೋ ಮುಗಿದ ಮೇಲೆ ಆ ರೆಕಾರ್ಡಿಂಗನ್ನು ಕಂಪ್ಯೂಟರ್‌ನಲ್ಲಿ ಸಿನಿಮಾದ ಕೆಳಗೆ ಹಾಕಿ ಸಿಂಕ್ ಮಾಡಿದೆ. ಮೇಲೆ ದೃಶ್ಯ, ಕೆಳಗೆ ಆ ದೃಶ್ಯಕ್ಕೆ ಹಾಲ್ ಮಾಡಿದ ಸದ್ದು. ಕಿರುಚಿದ್ದು, ನಕ್ಕದ್ದು, ಕೆಮ್ಮಿದ್ದು, ಚಿಪ್ಸ್ ಪ್ಯಾಕೆಟ್ ಸದ್ದು, ಎಲ್ಲ.

ಮಾರನೇ ದಿನ ನಿರ್ಮಾಪಕರನ್ನು ಪಕ್ಕದಲ್ಲಿ ಕೂರಿಸಿಕೊಂಡು ಅದನ್ನು ತೋರಿಸಿದೆ. ದೆವ್ವದ ಮುಖ ಪೂರ್ತಿ ಕಾಣುವ ಜಾಗಕ್ಕೆ ಬಂದೆವು. ಮೊದಲು ಒಂದು ಸಣ್ಣ ಕಿರುಚಾಟ, ಅದರ ಹಿಂದೆಯೇ ನಗು. ಯಾರೋ ಏನೋ ಹೇಳಿದರು, ಆ ಸಾಲಿನವರೆಲ್ಲ ನಕ್ಕರು. ಆಮೇಲೆ ಐದು ನಿಮಿಷ ಹಾಲ್ ಗಂಭೀರವಾಗಲೇ ಇಲ್ಲ. ಹಾಳೆ ಸದ್ದಿನ ಜಾಗಕ್ಕೆ ಬಂದೆವು. ಕೆಳಗಿನ ಗೆರೆ ಸಪಾಟಾಗಿತ್ತು. ಒಂದು ಕೆಮ್ಮೂ ಇಲ್ಲ. ಚಿಪ್ಸ್ ತಿನ್ನುತ್ತಿದ್ದವರು ಬಾಯಿ ನಿಲ್ಲಿಸಿದ್ದರು. ಸದ್ದು ನಿಂತು ಎರಡು ಸೆಕೆಂಡ್ ಆದ ಮೇಲೆ ಇಡೀ ಹಾಲ್ ಒಟ್ಟಿಗೆ ಉಸಿರು ಬಿಟ್ಟದ್ದು ಕೇಳಿಸಿತು. ನಿರ್ಮಾಪಕರು ಅದನ್ನು ಮತ್ತೆ ಹಾಕಿಸಿ ಕೇಳಿದರು. ಇನ್ನೊಂದು ಸಲ ಕೇಳಿದರು. "ಆ ಮುಖ ತೆಗೀರಿ" ಅಂತ ಅವರೇ ಹೇಳಿದರು. ಮುಂಬೈನವರ ಕೆಲಸದಲ್ಲಿ ಈಗ ಸಿನಿಮಾದಲ್ಲಿ ಉಳಿದಿರುವುದು ಒಂದು ಕೈ ಮತ್ತು ಕೆನ್ನೆಯ ಅಂಚು. ಆ ಕೆಲಸ ಬಹಳ ಚೆನ್ನಾಗಿತ್ತು ಅಂತ ಇಲ್ಲಿ ಹೇಳಲೇಬೇಕು. ಆದರೆ ಮುಖ ಪೂರ್ತಿ ಕಂಡ ಮೇಲೆ ಜನಕ್ಕೆ ಅದು ಮೇಕಪ್ ಅಂತ ಅಳೆಯೋಕೆ ಟೈಮ್ ಸಿಗುತ್ತದೆ.

ಆ ರೆಕಾರ್ಡಿಂಗ್ ಇನ್ನೊಂದು ವಿಷಯವನ್ನೂ ಕಲಿಸಿತು. ಜನ ಕಿರುಚಿದ ಮೇಲೆ ಸುಮ್ಮನಾಗುವುದಿಲ್ಲ. ಪಕ್ಕದವರನ್ನು ಹೊಡೆಯುತ್ತಾರೆ, ನಗುತ್ತಾರೆ, 'ಅಯ್ಯಪ್ಪಾ' ಅನ್ನುತ್ತಾರೆ. ಆ ಗಲಾಟೆ ಕೆಳಗೆ ನಮ್ಮ ಎರಡು ಮುಖ್ಯ ಮಾತುಗಳು ಮುಳುಗಿ ಹೋಗಿದ್ದವು. ಕಥೆಯ ಗಂಟು ಬಿಚ್ಚುವ ಮಾತುಗಳು ಅವು. ಎಡಿಟರ್ ಪ್ರತಿ ಬೆಚ್ಚುವ ಜಾಗದ ನಂತರವೂ ಕೆಲವು ಸೆಕೆಂಡ್ ಖಾಲಿ ಬಿಟ್ಟು ಮಾತನ್ನು ಮುಂದಕ್ಕೆ ತಳ್ಳಿದರು. ಮನೆಯಲ್ಲಿ ಒಬ್ಬರೇ ಕೂತು ನೋಡಿದರೆ ಅಲ್ಲಿ ಸ್ವಲ್ಪ ಎಳೆದಂತೆ ಅನಿಸಬಹುದು. ಹಾಲ್‌ನಲ್ಲಿ ಆ ಜಾಗವನ್ನು ಜನರೇ ತುಂಬುತ್ತಾರೆ. ಸಿನಿಮಾ ಯಾರಿಗಾಗಿ, ಎಲ್ಲಿಗಾಗಿ ಕಟ್ಟುತ್ತಿದ್ದೇವೆ ಅನ್ನುವುದು ನನಗೆ ಆವತ್ತು ನಿಚ್ಚಳವಾಯಿತು. ಹೆದರಿಕೆ ಒಬ್ಬರಿಂದ ಇನ್ನೊಬ್ಬರಿಗೆ ಆಕಳಿಕೆ ಹರಡಿದ ಹಾಗೆ ಹರಡುತ್ತದೆ. ಅದನ್ನು ಅನುಭವಿಸೋಕೆ ಪಕ್ಕದಲ್ಲಿ ಇನ್ನೊಬ್ಬರು ಬೇಕು. ನಿರ್ಮಾಪಕರ ಎರಡು ಲಕ್ಷ ಜನ ಬರುವುದೂ ಹೀಗೇ, ಒಬ್ಬೊಬ್ಬರಾಗಿ ಅಲ್ಲ, ಗುಂಪು ಗುಂಪಾಗಿ.

ಆರ್‌ಆರ್, ಅಂದರೆ ಹಿನ್ನೆಲೆ ಸಂಗೀತದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಸಂಗೀತ ನಿರ್ದೇಶಕರು ತುಂಬಾ ಕಡಿಮೆ ನುಡಿಸಿದರು, ಅದೇ ಅವರ ದೊಡ್ಡ ಕೊಡುಗೆ. ಮಿಕ್ಸಿಂಗ್‌ನಲ್ಲಿ ಮಾತ್ರ ಒಂದು ತೊಡಕಿತ್ತು. ಸ್ಟುಡಿಯೋದಲ್ಲಿ ನಾವು ಮಿಕ್ಸ್ ಮಾಡುವುದು ಪ್ರೊಸೆಸರ್‌ನ ಫೇಡರ್ (ಸದ್ದಿನ ಮಟ್ಟ ಏರಿಸಿ ಇಳಿಸುವ ಗುಂಡಿ) 7ರಲ್ಲಿ ಇಟ್ಟುಕೊಂಡು. ಅದೇ ನಿಗದಿಯಾದ ಮಟ್ಟ. ಊರಿನ ಥಿಯೇಟರ್‌ಗಳಲ್ಲಿ ಎಷ್ಟೋ ಕಡೆ ಅದು 5ರ ಆಸುಪಾಸಿನಲ್ಲಿ ಇರುತ್ತದೆ. ಕೆಲವು ಕಡೆ ಅದಕ್ಕೂ ಕಡಿಮೆ. ಪಿಸುಮಾತು, ಉಸಿರು, ಹಾಳೆ ಎಲ್ಲ ಫ್ಯಾನ್ ಸದ್ದಿನಲ್ಲಿ ಕಳೆದುಹೋಗುತ್ತದೆ. ಹಿಂದಿನ ಗೋಡೆಯ ಸ್ಪೀಕರ್‌ಗಳು ಕೆಲಸ ಮಾಡದ ಥಿಯೇಟರ್‌ಗಳೂ ಇವೆ. ಹಾಗಾಗಿ ಬೆಚ್ಚಿಸುವ ಸದ್ದು ಯಾವುದನ್ನೂ ಬರೀ ಹಿಂದಿನ ಸ್ಪೀಕರ್‌ಗೆ ಹಾಕಲಿಲ್ಲ. ಮುಂದಿನಿಂದಲೂ ಸ್ವಲ್ಪ ಬರುವ ಹಾಗೆ ನೋಡಿಕೊಂಡೆ. ಮೆಲ್ಲಗಿನ ಸದ್ದುಗಳನ್ನು ಒಂದು ಹಂತ ಮೇಲೆತ್ತಿದೆ. ಬಿಡುಗಡೆಯ ವಾರ ಕೆಲವು ಊರುಗಳಿಗೆ ನಾನೇ ಹೋಗಿ ಆಪರೇಟರ್‌ಗಳನ್ನು ಕಂಡು ಮಾತಾಡಿದೆ. "ಸಾರ್, ಜಾಸ್ತಿ ಇಟ್ರೆ ಸ್ಪೀಕರ್ ಹೋಗುತ್ತೆ, ಓನರ್ ಬೈತಾರೆ" ಅಂದವರು ಒಬ್ಬರು. ಅವರ ಜೊತೆ ಕೂತು ಮೊದಲ ರೀಲು ಕೇಳಿಸಿ, ಎಲ್ಲಿ ಜೋರಾಗುತ್ತದೆ, ಎಲ್ಲಿ ಆಗುವುದಿಲ್ಲ ಅಂತ ತೋರಿಸಿದೆ. ಸಂಜೆ ಶೋಗೆ ಅವರೇ ಏರಿಸಿದ್ದರು.

ಸೆನ್ಸಾರ್ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಹೆತ್ತವರ ಮಾರ್ಗದರ್ಶನದಲ್ಲಿ ಮಕ್ಕಳೂ ನೋಡಬಹುದಾದ ಯುಎ ಸರ್ಟಿಫಿಕೇಟ್ ಈಗ ಮೂರು ಭಾಗವಾಗಿದೆ: 7+, 13+, 16+. ಎ ಸಿಕ್ಕಿದರೆ ಹದಿನೆಂಟರ ಒಳಗಿನವರು ಥಿಯೇಟರ್‌ಗೆ ಬರುವಂತಿಲ್ಲ. ಟಿವಿಗೆ ಕೊಡಬೇಕಾದರೆ ಮತ್ತೆ ಕತ್ತರಿಸಿ ಬೇರೆ ಸರ್ಟಿಫಿಕೇಟ್ ತರಬೇಕು. ಪಿಯುಸಿ ಹುಡುಗರಿಲ್ಲದೆ ಹಾರರ್ ಸಿನಿಮಾದ ಸೆಕೆಂಡ್ ಶೋ ತುಂಬುವುದು ಕಷ್ಟ. ನಮ್ಮ ಸಿನಿಮಾದಲ್ಲಿ ರಕ್ತ ಇಲ್ಲ, ಮುಖವೂ ಇಲ್ಲ. ಯುಎ 16+ ಬಂತು. ತೋರಿಸದೇ ಇರುವುದರ ಲಾಭ ಅಲ್ಲೂ ಸಿಕ್ಕಿತು.

ಬಿಡುಗಡೆ ಹೇಗೆ ಅನ್ನುವ ಚರ್ಚೆ ದೊಡ್ಡದಾಗಿಯೇ ನಡೆಯಿತು. 'ಬ್ಲೇರ್ ವಿಚ್ ಪ್ರಾಜೆಕ್ಟ್' ಹೆಸರು ಎಲ್ಲರ ಬಾಯಲ್ಲಿ. ಎಂಟು ದಿನದ ಶೂಟಿಂಗ್, 1999ರಲ್ಲಿ ಬಿಡುಗಡೆ, 24 ಕೋಟಿ ಡಾಲರ್‌ಗೂ ಜಾಸ್ತಿ ಗಳಿಕೆ. ಕಾಡಿಗೆ ಹೋದ ಮೂವರು ನಿಜವಾಗಿಯೂ ಕಾಣೆಯಾಗಿದ್ದಾರೆ ಅಂತ ಜನ ನಂಬುವಂತೆ ವೆಬ್‌ಸೈಟ್ ಮಾಡಿ, 'ಕಾಣೆಯಾಗಿದ್ದಾರೆ' ಪೋಸ್ಟರ್ ಹಂಚಿದ್ದರು. ನಮ್ಮಲ್ಲೂ 2013ರಲ್ಲಿ ಕೆ.ಎಸ್. ಅಶೋಕ ಅವರ '6-5=2' ಇದೇ ಜಾಡಿನಲ್ಲಿ ಬಂದು ಗೆದ್ದಿತ್ತು. ಟ್ರೆಕ್ಕಿಂಗ್ ಹೋದವರ ಕ್ಯಾಮೆರಾದಲ್ಲಿ ಸಿಕ್ಕ ದೃಶ್ಯ ಅನ್ನುವ ರೂಪದ ಸಿನಿಮಾ ಅದು. ಮುಂದಿನ ವರ್ಷವೇ ಹಿಂದಿಯಲ್ಲಿ ಮತ್ತೆ ತೆಗೆದರು. ನಮ್ಮ ತಂಡದಲ್ಲಿ ಕೆಲವರು ನಾವೂ ನಿಜ ಘಟನೆ ಅಂತ ಹಾಕೋಣ ಅಂದರು. ನನಗೆ ಇಷ್ಟವಾಗಲಿಲ್ಲ. ಇವತ್ತು ಐದು ನಿಮಿಷದಲ್ಲಿ ಮೊಬೈಲ್‌ನಲ್ಲಿ ಹುಡುಕಿ ಸುಳ್ಳು ಅಂತ ಹೇಳಿಬಿಡುತ್ತಾರೆ. ಒಂದು ಸಲ ಸುಳ್ಳು ಅನಿಸಿದರೆ ಹಾಳೆ ಸದ್ದೂ ಸುಳ್ಳಾಗುತ್ತದೆ. ಇನ್ನೂ ಒಂದು ವಿಷಯ ಮರೆಯಬಾರದು. ಈ ಅಗ್ಗದ ಸಿನಿಮಾಗಳ ಹಿಂದೆ ಬಿಡುಗಡೆ ಹೊತ್ತಿಗೆ ದೊಡ್ಡ ಕಂಪನಿಗಳ ಕೋಟಿಗಟ್ಟಲೆ ಡಾಲರ್ ಪ್ರಚಾರ ಇತ್ತು. 15,000 ಡಾಲರ್ ಸಿನಿಮಾ ಬರೀ 15,000 ಡಾಲರ್‌ನಲ್ಲಿ ಜನರನ್ನು ಮುಟ್ಟಲಿಲ್ಲ.

ಆದರೆ ಪ್ಯಾರಾಮೌಂಟ್ ಮಾಡಿದ ಒಂದು ಕೆಲಸವನ್ನು ನಾವೂ ಮಾಡಬಹುದಿತ್ತು. ಅವರು ಶುರುವಿನಲ್ಲಿ ದೇಶದ ತುಂಬ ಬಿಡದೆ 13 ಕಾಲೇಜು ಊರುಗಳಲ್ಲಿ ಮಧ್ಯರಾತ್ರಿ ಶೋ ಹಾಕಿದರು. ಟ್ರೈಲರ್‌ನಲ್ಲಿ ದೆವ್ವಕ್ಕಿಂತ ಜಾಸ್ತಿ, ಕತ್ತಲಲ್ಲಿ ಹೆದರಿ ಕೂತ ಪ್ರೇಕ್ಷಕರನ್ನೇ ತೋರಿಸಿದರು. ನಮ್ಮ ಊರಿಗೂ ಬೇಕು ಅಂತ ಜನರೇ ಆನ್‌ಲೈನ್‌ನಲ್ಲಿ ಕೇಳುವ ಹಾಗೆ ಮಾಡಿದರು. ನಾವು ಶಿವಮೊಗ್ಗ, ದಾವಣಗೆರೆ, ತುಮಕೂರು, ಈ ಮೂರು ಕಡೆ ಬಿಡುಗಡೆಗೆ ಮುಂಚೆ ಪೇಯ್ಡ್ ಪ್ರೀಮಿಯರ್ ಹಾಕಿದೆವು. ಮೂರೂ ಕಾಲೇಜು ಹುಡುಗರ ಊರು. ಪ್ರಚಾರದ ವಿಡಿಯೋಗೆ ನನ್ನ ಹಾಲ್ ರೆಕಾರ್ಡಿಂಗ್ ಬಳಸಿದೆವು. ಪೂರ್ತಿ ಕಪ್ಪು ಪರದೆ, ಹಾಳೆ ಎಳೆಯುವ ಸದ್ದು, ಆಮೇಲೆ ಇಡೀ ಹಾಲ್ ಕಿರುಚುವುದು. ಇಯರ್‌ಫೋನ್ ಹಾಕಿಕೊಂಡು ಕೇಳಿ ಅಂತ ಒಂದೇ ಸಾಲು. ಮಲೆನಾಡಿನ ಹುಡುಗರು ಅದಕ್ಕೆ ತಮ್ಮದೇ ಹಾಳೆ ವಿಡಿಯೋ ಮಾಡಿ ಹಾಕೋಕೆ ಶುರು ಮಾಡಿದರು. ಆ ಪ್ರಚಾರಕ್ಕೆ ನಾವು ಯಾರಿಗೂ ದುಡ್ಡು ಕೊಡಲಿಲ್ಲ.

ಶುಕ್ರವಾರ ಬೆಳಗಿನ ಶೋಗಳು ಬಹುಪಾಲು ಖಾಲಿ. ಸಂಜೆ ಸ್ವಲ್ಪ ಪರವಾಗಿಲ್ಲ. ಶನಿವಾರ ಸೆಕೆಂಡ್ ಶೋಗಳು ತುಂಬಿದವು. ಕೌಂಟರ್ ಹತ್ತಿರ ನಿಂತು ನೋಡಿದೆ. ನಾಲ್ಕು, ಆರು, ಎಂಟು ಟಿಕೆಟ್ ಒಟ್ಟಿಗೆ ತಗೊಳ್ಳುತ್ತಿದ್ದರು. ಒಂಟಿಯಾಗಿ ಬಂದವರು ಕಡಿಮೆ. ಈಗಾಗಲೇ ನೋಡಿದ ಒಬ್ಬ ಹುಡುಗ ಗೆಳೆಯರಿಗೆ "ನೀನು ಮಧ್ಯದಲ್ಲಿ ಕೂತ್ಕೊ" ಅಂತ ಜಾಗ ಹಂಚುತ್ತಿದ್ದ. ಅವನು ಪರದೆ ನೋಡೋಕೆ ಬಂದಿರಲಿಲ್ಲ, ಗೆಳೆಯರ ಮುಖ ನೋಡೋಕೆ ಬಂದಿದ್ದ. 2025ರ ಜುಲೈನಲ್ಲಿ ಜೆ.ಪಿ. ತುಮಿನಾಡು ಅವರ 'ಸು ಫ್ರಂ ಸೋ' ಬಂದಾಗಲೂ ಹೀಗೇ ಆಯಿತಲ್ಲ. ಅದು ನಗಿಸುವ ದೆವ್ವದ ಕಥೆ, ದಾರಿ ಬೇರೆ. ದೊಡ್ಡ ಸ್ಟಾರ್ ನಾಯಕನಿಲ್ಲದೆ, ಬಿಡುಗಡೆಗೆ ಮುಂಚಿನ ಪ್ರೀಮಿಯರ್‌ಗಳಿಂದಲೇ ಮಾತು ಹಬ್ಬಿ, 100 ಕೋಟಿ ದಾಟಿತು ಅಂತ ಪತ್ರಿಕೆಗಳು ಬರೆದವು. ಮನೆಮಂದಿಯೆಲ್ಲ ಒಟ್ಟಿಗೆ ಹೋದ ಸಿನಿಮಾ ಅದು. ನಮ್ಮದಕ್ಕೂ ಅದಕ್ಕೂ ಹೋಲಿಕೆಯೇ ಇಲ್ಲ. ಆದರೆ ಜನ ಒಟ್ಟಿಗೆ ಕೂರೋಕೆ ಬರುತ್ತಾರೆ ಅನ್ನುವ ನನ್ನ ನಂಬಿಕೆ ಅದರಿಂದ ಗಟ್ಟಿಯಾಯಿತು.

ನಿಜ ಹೇಳಬೇಕೆಂದರೆ ಥಿಯೇಟರ್‌ನಿಂದ ಬಂದ ದುಡ್ಡೊಂದೇ ಆಗಿದ್ದರೆ ಅಸಲು ಪೂರ್ತಿ ಬರುತ್ತಿರಲಿಲ್ಲ. ಮೂರನೇ ವಾರ ದೊಡ್ಡ ಸಿನಿಮಾ ಬಂತು, ಶೋಗಳು ಹೋದವು. ಓಟಿಟಿಯವರು ಮೊದಲೇ ದುಡ್ಡು ಕೊಟ್ಟು ಕೊಳ್ಳಲಿಲ್ಲ. ಜನ ಎಷ್ಟು ಹೊತ್ತು ನೋಡುತ್ತಾರೋ ಅಷ್ಟಕ್ಕೆ ಪಾಲು ಅಂದರು. ಸಣ್ಣ ಕನ್ನಡ ಸಿನಿಮಾಗಳಿಗೆ ಈಗ ಹೆಚ್ಚಾಗಿ ಸಿಗುವುದು ಅದೇ. ಲಾಭ ತಂದದ್ದು ಹಿಂದಿ ಡಬ್ಬಿಂಗ್ ಹಕ್ಕು. ಹಾರರ್‌ಗೆ ಭಾಷೆಯ ಗೋಡೆ ಸಣ್ಣದು. ನಮ್ಮ ಸಿನಿಮಾದಲ್ಲಿ ಮಾತೇ ಕಡಿಮೆ, ತುಟಿ ಹೊಂದಿಸುವ ತಾಪತ್ರಯವೂ ಕಡಿಮೆ. ಕೊಳ್ಳೋಕೆ ಬಂದವರು ಮೊದಲು ಕೇಳಿದ್ದು ಎಂ ಆ್ಯಂಡ್ ಇ ಟ್ರ್ಯಾಕ್. ಅಂದರೆ ಮಾತನ್ನು ಪೂರ್ತಿ ತೆಗೆದು, ಸಂಗೀತ ಮತ್ತು ಎಫೆಕ್ಟ್ ಮಾತ್ರ ಇರುವ ಟ್ರ್ಯಾಕ್. ಸಿಂಕ್ ಸೌಂಡ್‌ನಲ್ಲಿ ಮಾತು ತೆಗೆದರೆ ಅದರ ಜೊತೆ ಹೆಜ್ಜೆ, ಬಟ್ಟೆ, ಬಾಗಿಲ ಸದ್ದೂ ಹೋಗುತ್ತದೆ. ಅವನ್ನೆಲ್ಲ ಫೋಲಿಯಲ್ಲಿ, ಅಂದರೆ ಸ್ಟುಡಿಯೋದಲ್ಲಿ ದೃಶ್ಯ ನೋಡಿಕೊಂಡು ಸದ್ದು ಹುಟ್ಟಿಸಿ ರೆಕಾರ್ಡ್ ಮಾಡುವ ಕೆಲಸದಲ್ಲಿ, ಮೊದಲೇ ಬೇರೆಯಾಗಿ ಮಾಡಿಸಿ ಇಟ್ಟಿದ್ದೆವು. ಎಷ್ಟೋ ಸಣ್ಣ ಸಿನಿಮಾಗಳು ಈ ಖರ್ಚನ್ನು ಉಳಿಸೋಕೆ ಹೋಗಿ ಆಮೇಲೆ ಒಳ್ಳೆ ಬೆಲೆ ಕಳೆದುಕೊಳ್ಳುತ್ತವೆ. ಹೊಸದಾಗಿ ಸಿನಿಮಾ ಮಾಡುವವರಿಗೆ ನಾನು ಕೈಮುಗಿದು ಹೇಳುವುದು ಇದನ್ನೇ. ಡ್ರೋನ್ ಶಾಟ್ ಒಂದು ಕಡಿಮೆ ಮಾಡಿ, ಎಂ ಆ್ಯಂಡ್ ಇ ಮಾತ್ರ ಬಿಡಬೇಡಿ.

ಹಿಂದಿ ದುಡ್ಡು ಬಂದ ದಿನ ನಿರ್ಮಾಪಕರು ಯೂನಿಟ್‌ನವರ ಬಾಕಿಯನ್ನೆಲ್ಲ ತೀರಿಸಿದರು. ಲೈಟ್ ಬಾಯ್‌ಗಳಿಂದ ಹಿಡಿದು ಅಡುಗೆಯವರವರೆಗೆ ಯಾರನ್ನೂ ಬಿಡಲಿಲ್ಲ. ತೀರ್ಥಹಳ್ಳಿಯ ಆ ಇಬ್ಬರು ಮಕ್ಕಳ ಹೆಸರಿಗೂ ಅಂಚೆ ಕಚೇರಿಯಲ್ಲಿ ಸ್ವಲ್ಪ ದುಡ್ಡು ಇಟ್ಟರು. ಈಗ ಎರಡನೇ ಸಿನಿಮಾ ಶುರುವಾಗುತ್ತಿದೆ. ಬಜೆಟ್ ಅಷ್ಟೇ, ಒಂದು ರೂಪಾಯಿ ಜಾಸ್ತಿ ಇಲ್ಲ. ಪ್ರಾಸ್ಥೆಟಿಕ್ ಅನ್ನುವ ಸಾಲು ನೋಟ್‌ಬುಕ್ಕಿನಲ್ಲಿ ಇಲ್ಲ. ಲೊಕೇಶನ್ ನೋಡೋಕೆ ಮುಂದಿನ ವಾರ ಜೋಯಿಡಾ ಕಡೆ ಹೊರಟಿದ್ದೇವೆ. ಕ್ಯಾಮೆರಾಮನ್‌ಗಿಂತ ಒಂದು ದಿನ ಮುಂಚೆ ನಾನು ಹೋಗಬೇಕು ಅಂತ ನಿರ್ದೇಶಕರು ಟಿಕೆಟ್ ಮಾಡಿಸಿದ್ದಾರೆ.